ಒಬ್ಬ ಹುಡುಗನಿಗಾಗಿ ಇಡೀ ಶಾಲೆಯೇ?

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗಲಿಲ್ಲ, ಸರ್ಕಾರಕ್ಕೇ ಅರ್ಜಿ ಬರೆದ. ಬೊಂಬಾಯಿ ಸರ್ಕಾರ ಕೊಟ್ಟ ಉತ್ತರದ ತಿರುಳು ಇಷ್ಟು: ನ್ಯಾಯ ನಿನ್ನ ಕಡೆಗಿದೆ, ನಿಜ. ಆದರೆ ನಿನ್ನೊಬ್ಬನನ್ನು ಒಳಗೆ ಬಿಟ್ಟರೆ ಉಳಿದವರು ಎದ್ದು ಹೋಗುತ್ತಾರೆ. ಒಬ್ಬನಿಗಾಗಿ ಇಡೀ ಶಾಲೆ ಹಾಳು ಮಾಡೋಕಾಗಲ್ಲ. ವಿಷಯ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೆ ಹೋಯಿತು. 1858ರಲ್ಲಿ ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ಮಾತು ಕಾಗದದ ಮೇಲೆ ಬಂತು. ಆ ಮಾತು ಕಾಗದದಿಂದ ಇಳಿದು ಬೆಂಚಿಗೆ ಬರೋಕೆ ಎಷ್ಟು ತಲೆಮಾರು ಹಿಡಿಯಿತು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಧಾರವಾಡದ ಆ ವಾಕ್ಯ ಸತ್ತಿಲ್ಲ. ಅದನ್ನು ಈಗ ಇನ್ನೊಂದು ಬಗೆಯ ಹುಡುಗನಿಗೆ ಹೇಳುತ್ತಿದ್ದಾರೆ.

ಯಾವುದಾದರೂ ಹಳ್ಳಿಯ ಹೈಸ್ಕೂಲಿನ ಒಂಬತ್ತನೇ ತರಗತಿಗೆ ಹೋಗಿ ನೋಡಿ. ಕೊನೆಯ ಬೆಂಚಿನಲ್ಲಿ ಒಬ್ಬ ಕೂತಿರುತ್ತಾನೆ. ಬಾಯಲ್ಲಿ ಕೇಳಿದರೆ ಉತ್ತರ ಪಟ್ಟಂತ ಬರುತ್ತದೆ, ಓದು ಅಂದರೆ ಒತ್ತಕ್ಷರದ ಮುಂದೆ ನಿಂತುಬಿಡುತ್ತಾನೆ. ಬೋರ್ಡಿನ ಮೇಲಿನದನ್ನು ಅರ್ಧ ಬರೆಯುವಷ್ಟರಲ್ಲಿ ಮೇಷ್ಟ್ರು ಅಳಿಸಿರುತ್ತಾರೆ. ಇನ್ನೊಬ್ಬನಿಗೆ ಒಂದು ಕಡೆ ಕೂರಲಾಗುವುದಿಲ್ಲ. ಮತ್ತೊಬ್ಬಳಿಗೆ ಗದ್ದಲ ಅಂದರೆ ಕಿವಿಗೆ ಕಾದ ಎಣ್ಣೆ ಹುಯ್ದ ಹಾಗೆ. ಕೂರುವ ಜಾಗ ಬದಲಾದರೆ ಸಾಕು, ಅವಳ ದಿನವೆಲ್ಲ ಕೆಡುತ್ತದೆ. ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಎಂದು ಇವಕ್ಕೆ ವೈದ್ಯರ ಹೆಸರುಗಳಿವೆ. ಮಿದುಳಿನ ಕೆಲಸದ ರೀತಿಯೇ ಬೇರೆಯಾಗಿರುವ ಇಂಥವರನ್ನೆಲ್ಲ ಒಟ್ಟಾಗಿ ನ್ಯೂರೋಡೈವರ್ಜೆಂಟ್ ಅನ್ನುತ್ತಾರೆ. ನಮ್ಮ ಶಾಲೆಯ ನಿಘಂಟಿನಲ್ಲಿ ಅಷ್ಟು ಪದಗಳಿಲ್ಲ. ಅಲ್ಲಿರುವುದು ಮೂರೇ: ದಡ್ಡ, ಸೋಮಾರಿ, ಪೋಲಿ. ಹುಡುಗ ಕೇರಿಯವನಾದರೆ ನಾಲ್ಕನೆಯದೂ ಇದೆ: ‘ಈ ಜನ ಇಷ್ಟೇ ಬಿಡಿ.’

ಈ ನಾಲ್ಕು ಪದಗಳಿಗೂ ಒಂದು ಚರಿತ್ರೆಯಿದೆ. ಅದು ಗೊತ್ತಿಲ್ಲದೆ ಈ ಹುಡುಗನ ಪರವಾಗಿ ನಾವು ಜಗಳ ಮಾಡಲಾರೆವು.

ಮೊದಲು ಹೆಸರು ಸಿಕ್ಕಿದ್ದು ಯಾರಿಗೆ ನೋಡೋಣ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮೋರ್ಗನ್ ಎಂಬ ವೈದ್ಯ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಹುಡುಗ ಚುರುಕು, ಲೆಕ್ಕ ಬರುತ್ತದೆ, ಕಣ್ಣು ಚೆನ್ನಾಗಿದೆ. ಆದರೆ ಓದಲು ಬರುವುದಿಲ್ಲ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ‘ಪ್ರೆಸಿ’ ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೇ ಇವನು ಜಾಣ ಅನ್ನಿಸಿಕೊಳ್ಳುತ್ತಾನೆ ಎಂದು ಅವನ ಮೇಷ್ಟ್ರು ಹೇಳಿದ್ದರು. ಇವನಲ್ಲಿ ದಡ್ಡತನವಿಲ್ಲ, ಹುಟ್ಟಿನಿಂದಲೇ ಅಕ್ಷರದ ವಿಷಯದಲ್ಲಿ ಒಂದು ಕುರುಡಿದೆ ಎಂದು ವೈದ್ಯ ಗುರುತಿಸಿದ. ಅದೇ ಕಾಲದಲ್ಲಿ ಅದೇ ದೇಶದ ಗಿರಣಿ ಕಾರ್ಮಿಕರ ಮನೆಗಳಲ್ಲಿ ಇಂಥ ಹುಡುಗರಿರಲಿಲ್ಲವೇ? ಇದ್ದರು. ಅವರ ಬಗ್ಗೆ ಪತ್ರಿಕೆಗೆ ಬರೆಯುವ ವೈದ್ಯರಿರಲಿಲ್ಲ, ಅಷ್ಟೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಆಟಿಸಂ ಕುರಿತು ಮೊದಲ ಪ್ರಸಿದ್ಧ ಲೇಖನ ಬರೆದಾಗಲೂ ಇದೇ ಕಥೆ. ಅವನು ನೋಡಿದ ಮಕ್ಕಳು 11. ಬಹುಪಾಲು ಓದಿದವರ ಮನೆಯವರು. ಇದು ಓದಿದ ಕುಟುಂಬಗಳಲ್ಲೇ ಬರುವಂಥದ್ದು ಎಂದು ಬಹಳ ಕಾಲ ನಂಬಿದ್ದರು. ಬಡವರ ಮಕ್ಕಳು ಅವನ ಬಾಗಿಲಿನವರೆಗೆ ಬರಲೇ ಇಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಉಳ್ಳವರ ಮಕ್ಕಳಿಗೆ ವೈದ್ಯ ಸಿಕ್ಕ. ಇಲ್ಲದವರ ಮಕ್ಕಳಿಗೆ ಅಳತೆಗೋಲು ಸಿಕ್ಕಿತು.

ಆ ಅಳತೆಗೋಲು ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಕಂಡುಹಿಡಿಯಲು ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಒಂದು ಪರೀಕ್ಷೆ ಮಾಡಿದರು. ಬುದ್ಧಿ ಎನ್ನುವುದು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ, ಬೆಳೆಯುವುದಿಲ್ಲ ಎನ್ನುವವರನ್ನು ಬಿನೆ ಕಟುವಾಗಿ ವಿರೋಧಿಸಿದವನು. 1911ರಲ್ಲಿ ಅವನು ಸತ್ತ. ಅವನ ಪರೀಕ್ಷೆ ಅಮೆರಿಕಕ್ಕೆ ಹಡಗು ಹತ್ತಿತು. ಅಲ್ಲಿ ಹೆನ್ರಿ ಗೊಡಾರ್ಡ್, ಲೂಯಿಸ್ ಟರ್ಮನ್ ಮುಂತಾದವರ ಕೈಗೆ ಸಿಕ್ಕಿ, ಸಹಾಯ ಯಾರಿಗೆ ಬೇಕು ಎಂದು ಕೇಳುವ ಪರೀಕ್ಷೆ ಯಾರು ಕೀಳು ಎಂದು ತೀರ್ಪು ಕೊಡುವ ಪರೀಕ್ಷೆಯಾಯಿತು. ‘ಮೋರಾನ್’ ಎಂಬ ಬೈಗುಳವಿದೆಯಲ್ಲ, ಅದು ಬೀದಿಜಗಳದಲ್ಲಿ ಹುಟ್ಟಿದ ಪದವಲ್ಲ. 1910ರಲ್ಲಿ ಗೊಡಾರ್ಡ್ ವಿಜ್ಞಾನದ ಪದವಾಗಿ ಅದನ್ನು ಟಂಕಿಸಿದ. ಬುದ್ಧಿ ಕಮ್ಮಿ ಎಂದು ಮುದ್ರೆ ಬಿದ್ದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಆ ಮೊಕದ್ದಮೆಯ ಕ್ಯಾರಿ ಬಕ್ ಬಡವರ ಮನೆಯ ಹುಡುಗಿ. ಸಾಕಿದವರು ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ್ದರು. ಅವಳು ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲವೆಂದು ಅವಳ ಶಾಲೆಯ ದಾಖಲೆಗಳೇ ಆಮೇಲೆ ಸಾಕ್ಷಿ ಹೇಳಿದವು. ಮುದ್ರೆ ಹಾಕುವವನಿಗೆ ದಾಖಲೆ ಯಾಕೆ ಬೇಕು? ನಮ್ಮಲ್ಲಿ ಶಾಸ್ತ್ರ ಮಾಡಿದ ಕೆಲಸವನ್ನು ಅಲ್ಲಿ ಅಂಕಿ ಮಾಡಿತು. ಹುಟ್ಟನ್ನೇ ಹಣೆಬರಹ ಮಾಡಿತು.

ಅದೇ ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಅದು ದಶಕಗಳ ಕಾಲ ಬಳಕೆಯಾಯಿತು. ಅಳೆಯುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಅಳೆದ ಮೇಲೆ ಏನು ಮಾಡುತ್ತೀರಿ, ಅದನ್ನು ಹೇಳಿ ಸ್ವಾಮಿ!

ಈ ಪ್ರಶ್ನೆಯನ್ನು ಕಪ್ಪು ಜನ ಎರಡು ಊರಿನಲ್ಲಿ, ಒಂದೇ ವರ್ಷದಲ್ಲಿ, ಬೇರೆಬೇರೆ ಕಡೆಯಿಂದ ಎತ್ತಿದರು. ಊರು ಒಂದು ಲಂಡನ್, ಇನ್ನೊಂದು ವಾಷಿಂಗ್ಟನ್. ವರ್ಷ 1971. ಈ ಎರಡನ್ನೂ ಜೋಡಿಸಿ ಓದಬೇಕು.

ಲಂಡನ್ನಿನದು ಹೀಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಕೂಲಿ ಬೇಕಾಗಿತ್ತು. ಕೆರಿಬಿಯನ್ ದ್ವೀಪಗಳಿಂದ ಕಪ್ಪು ಜನ ಬಂದು ಬಸ್ಸು ಓಡಿಸಿದರು, ಆಸ್ಪತ್ರೆ ತೊಳೆದರು. ಅವರ ಮಕ್ಕಳು ಶಾಲೆಗೆ ಬಂದಾಗ ಅವರ ಇಂಗ್ಲಿಷು ಇಂಗ್ಲಿಷಲ್ಲ ಅಂದರು. ಅವರಿಗೆ ಗೊತ್ತಿಲ್ಲದ ಬದುಕಿನಿಂದ ಆಯ್ದ ಪ್ರಶ್ನೆಗಳಿಂದ ಬುದ್ಧಿ ಅಳೆದರು. ಆಮೇಲೆ ‘ಶಿಕ್ಷಣದಲ್ಲಿ ಮಟ್ಟಕ್ಕಿಂತ ಕೆಳಗಿನವರು’ ಎಂಬ ಸರ್ಕಾರಿ ಮುದ್ರೆ ಒತ್ತಿ ಬೇರೆ ಶಾಲೆಗಳಿಗೆ ಸಾಗಹಾಕಿದರು. ಅಲ್ಲಿಗೆ ಹೋದ ಮಗು ಮಾಮೂಲಿ ಶಾಲೆಗೆ ವಾಪಸ್ಸು ಬರುವುದು ಅಪರೂಪ. ಎಷ್ಟೋ ತಾಯಂದಿರು ‘ವಿಶೇಷ ಶಾಲೆ’ ಅಂದರೆ ಇನ್ನೂ ಒಳ್ಳೆಯ ಶಾಲೆ ಇರಬೇಕು ಅಂತ ನಂಬಿ ಸಹಿ ಹಾಕಿದ್ದರು. ಇಂಥ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ಗ್ರೆನಡಾ ದ್ವೀಪದ ಬರ್ನಾರ್ಡ್ ಕೋರ್ಡ್ ಎಂಬ ತರುಣ 1971ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಜಾನ್ ಲಾ ರೋಸ್ ನಡೆಸುತ್ತಿದ್ದ ನ್ಯೂ ಬೀಕನ್ ಪ್ರಕಾಶನ ಅದನ್ನು ಹೊರತಂದಿತು. ಬರೆದದ್ದು ಪಂಡಿತರಿಗಲ್ಲ, ಕಪ್ಪು ತಂದೆತಾಯಿಗಳಿಗೆ. ಶಾಲೆ ನಿಮ್ಮ ಮಕ್ಕಳನ್ನು ದಡ್ಡರನ್ನಾಗಿ ಮಾಡುತ್ತಿದೆ, ಹೀಗೆ ಮಾಡುತ್ತಿದೆ, ನೀವು ಇಂತಿಂಥದ್ದನ್ನು ಮಾಡಿ ಎಂದು ಪಟ್ಟಿ ಕೊಟ್ಟ. ಆ ಪುಸ್ತಕ ಮನೆಮನೆಗೆ ಹೋಯಿತು, ಸಭೆಗಳಾದವು. ತಮ್ಮ ಮಕ್ಕಳಿಗೆ ತಾವೇ ಶನಿವಾರದ ಶಾಲೆಗಳನ್ನು ನಡೆಸುತ್ತಿದ್ದ ಜನಕ್ಕೆ ಇನ್ನಷ್ಟು ಬಲ ಬಂತು. ಆ ಸರ್ಕಾರಿ ಮುದ್ರೆಯನ್ನು ಕಾನೂನಿನಿಂದ ಅಳಿಸಿದ್ದು 1981ರ ಶಿಕ್ಷಣ ಕಾಯಿದೆ.

ವಾಷಿಂಗ್ಟನ್ನಿನ ಜಗಳ ಇನ್ನೊಂದು ತುದಿಯಿಂದ ಶುರುವಾಯಿತು. ಅಲ್ಲಿ ಶಾಲೆಯಿಂದ ಹೊರಗೆ ಹಾಕಲ್ಪಟ್ಟ ಏಳು ಕಪ್ಪು ಮಕ್ಕಳ ಪರವಾಗಿ ನಗರದ ಶಿಕ್ಷಣ ಮಂಡಳಿಯ ಮೇಲೆ ದಾವೆ ಬಿತ್ತು. ಒಬ್ಬನಿಗೆ 12 ವರ್ಷ, ‘ನಡತೆ ಸರಿಯಿಲ್ಲ’ ಎಂದು ನಾಲ್ಕನೇ ತರಗತಿಯಿಂದ ತೆಗೆದಿದ್ದರು. ಉಳಿದವರಲ್ಲಿ ಯಾರಿಗೋ ಮಿದುಳಿಗೆ ಪೆಟ್ಟು, ಯಾರಿಗೋ ಬುದ್ಧಿಮಾಂದ್ಯ, ಯಾರೋ ಕೂತಲ್ಲಿ ಕೂರದವರು. ಹೊರಗೆ ಹಾಕುವಾಗ ವಿಚಾರಣೆಯಿಲ್ಲ, ಬೇರೆ ವ್ಯವಸ್ಥೆಯಿಲ್ಲ. ಆ ನಗರದಲ್ಲಿ ಇಂಥ ತೊಂದರೆಗಳಿರುವ ಮಕ್ಕಳು 22,000, ಅದರಲ್ಲಿ 18,000ದಷ್ಟು ಮಕ್ಕಳಿಗೆ ಅವರಿಗೆ ತಕ್ಕ ಶಿಕ್ಷಣ ಇಲ್ಲದಿರಬಹುದು ಎಂಬ ಲೆಕ್ಕ ಕೋರ್ಟಿನ ಮುಂದೆ ಬಂತು. ಮಂಡಳಿ ಹೇಳಿದ್ದು ಏನು ಗೊತ್ತೇ? ದುಡ್ಡಿಲ್ಲ. ಇವರಿಗೆ ಕೊಟ್ಟರೆ ಉಳಿದ ಮಕ್ಕಳ ಪಾಲು ಕಿತ್ತ ಹಾಗಾಗುತ್ತದೆ.

ಧಾರವಾಡದ ಮಾತು ಕೇಳಿಸಿತೇ? ಒಬ್ಬನಿಗಾಗಿ ಇಡೀ ಶಾಲೆಯೇ?

ಅಮೆರಿಕದಲ್ಲೂ ಈ ಮಾತಿಗೆ ಹಳೆಯ ವಂಶಾವಳಿ ಇತ್ತು. 1919ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಓದಿನಲ್ಲಿ ಸಮವಾಗಿದ್ದ ಒಬ್ಬ ಹುಡುಗನನ್ನು, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ನೋಡಿದವರಿಗೆ ಅಸಹ್ಯವಾಗುತ್ತದೆ ಎಂದು ಶಾಲೆಯಿಂದ ತೆಗೆದಿದ್ದರು. ಅದು ಸರಿ ಎಂದು ಅಲ್ಲಿನ ದೊಡ್ಡ ಕೋರ್ಟೇ ಹೇಳಿತ್ತು. ಅಸಹ್ಯ ಅನ್ನುವ ಪದದ ಜೊತೆ ನಮಗೆ ಹಳೆಯ ಪರಿಚಯ. ಮುಟ್ಟಿಸಿಕೊಳ್ಳದವರ ಪದ ಅದು.

1972ರ ಆಗಸ್ಟ್ 1ರಂದು ವಾಷಿಂಗ್ಟನ್ನಿನ ನ್ಯಾಯಾಧೀಶ ಜೋಸೆಫ್ ವಾಡಿ ಈ ವಂಶಾವಳಿಯನ್ನು ಕಡಿದ. ವಾಡಿ ಕೂಡ ಕಪ್ಪು ಜನರವನು. ಅವನ ತೀರ್ಪಿನ ಸಾರ ಸರಳ: ದುಡ್ಡು ಸಾಲದಿದ್ದರೆ ಇದ್ದಷ್ಟನ್ನೇ ಎಲ್ಲರಿಗೂ ನ್ಯಾಯವಾಗಿ ಹಂಚಿ. ಯಾವ ಮಗುವೂ ಪೂರ್ತಿ ಹೊರಗೆ ಉಳಿಯಕೂಡದು. ಕೊರತೆಯ ಹೊರೆಯನ್ನು ತೊಂದರೆಯಿರುವ ಮಗುವಿನ ತಲೆಯ ಮೇಲೇ ಹೆಚ್ಚಾಗಿ ಹೇರಕೂಡದು. ಇದು ಮತ್ತು ಪೆನ್ಸಿಲ್ವೇನಿಯಾದ ಅಂಥದೇ ಇನ್ನೊಂದು ದಾವೆ ದಾರಿ ಮಾಡಿದವು. 1975ರಲ್ಲಿ ಅಮೆರಿಕದ ಸಂಸತ್ತು ವಿಕಲ ಮಕ್ಕಳೆಲ್ಲರ ಶಿಕ್ಷಣದ ಕಾಯಿದೆ ಮಾಡಿತು. ದೇಶದಲ್ಲಿ ಅಂಥ 80 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣವಿಲ್ಲ, 10 ಲಕ್ಷ ಮಕ್ಕಳು ಪೂರ್ತಿ ಹೊರಗಿದ್ದಾರೆ ಎಂದು ಆ ಕಾಯಿದೆಯೇ ಒಪ್ಪಿಕೊಂಡಿತು.

ಈಗ ಎರಡನ್ನೂ ಅಕ್ಕಪಕ್ಕ ಇಡಿ. ಲಂಡನ್ನಿನ ತಂದೆತಾಯಿಗಳು ‘ನಮ್ಮ ಮಕ್ಕಳಿಗೆ ತೊಂದರೆಯಿಲ್ಲ, ಮುದ್ರೆ ಒತ್ತಬೇಡಿ’ ಅಂದರು. ವಾಷಿಂಗ್ಟನ್ನಿನವರು ‘ನಮ್ಮ ಮಕ್ಕಳಿಗೆ ತೊಂದರೆಯಿದೆ, ಅದಕ್ಕಾಗಿ ಹೊರಗೆ ಹಾಕಬೇಡಿ’ ಅಂದರು. ಮೇಲ್ನೋಟಕ್ಕೆ ಎದುರುಬದುರು ಮಾತು. ಒಳಗೆ ಒಂದೇ. ಮಗು ಕಲಿಯದಿದ್ದರೆ ಜವಾಬು ಕೊಡಬೇಕಾದ್ದು ಶಾಲೆ. ಮಗುವಿನ ಹುಟ್ಟಿನ ಹಿಂದೆ ಅವಿತುಕೊಳ್ಳಬಾರದು.

ಕ್ಯಾಲಿಫೋರ್ನಿಯಾದಲ್ಲಿ ಈ ಎರಡು ಮಾತೂ ಒಟ್ಟಿಗೆ ಕೇಳಿಸಿದವು. 1968–69ರಲ್ಲಿ ಅಲ್ಲಿನ ಶಾಲಾ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 9, ಆದರೆ ಬುದ್ಧಿಮಾಂದ್ಯರೆಂದು ಕೂಡಿಹಾಕಿದ ತರಗತಿಗಳಲ್ಲಿ ನೂರಕ್ಕೆ 27. ಕಪ್ಪು ಮಕ್ಕಳನ್ನು ಹಾಗೆ ಕೂಡಿಹಾಕಲು ಬುದ್ಧಿ ಪರೀಕ್ಷೆ ಬಳಸಕೂಡದು ಎಂದು 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ ತೀರ್ಪು ಕೊಟ್ಟ. ಅದಕ್ಕೂ ಎರಡು ವರ್ಷ ಮೊದಲು, 1977ರ ಏಪ್ರಿಲ್‌ನಲ್ಲಿ, ಅದೇ ರಾಜ್ಯದ ಸ್ಯಾನ್‌ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯೊಳಗೆ ವಿಕಲಚೇತನರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತರು. 1973ರ ಕಾಯಿದೆಯಲ್ಲಿ ಅವರ ವಿರುದ್ಧ ತಾರತಮ್ಯ ಮಾಡಬಾರದೆಂಬ ಕಲಂ ಇತ್ತು, ಅದಕ್ಕೆ ನಿಯಮ ಮಾಡದೆ ಸರ್ಕಾರ ನಾಲ್ಕು ವರ್ಷ ಸತಾಯಿಸಿತ್ತು. ಆ ಧರಣಿಗೆ ದಿನಾ ಬಿಸಿ ಊಟ ಹೊತ್ತು ತಂದವರು ಯಾರು? ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಅವರದೇ ಸದಸ್ಯ ಬ್ರಾಡ್ ಲೊಮ್ಯಾಕ್ಸ್ ಗಾಲಿಕುರ್ಚಿಯಲ್ಲಿ ಆ ಧರಣಿಯೊಳಗೇ ಇದ್ದ. ಸರ್ಕಾರ ಸಹಿ ಹಾಕಿತು.

ಆ ಪ್ಯಾಂಥರ್‌ಗಳ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ಇಟ್ಟುಕೊಂಡರು. ಅದರ ಬಿಸಿ ಕರ್ನಾಟಕಕ್ಕೂ ತಾಗಿತು. ಹೆಸರು ನಮಗೆ ಗೊತ್ತು, ಸಿಟ್ಟು ಗೊತ್ತು. ಆ ಊಟದ ಪಾತ್ರೆಯ ಕಥೆ ಮಾತ್ರ ಇಲ್ಲಿಗೆ ಬರಲಿಲ್ಲ. ಅದೂ ಬರಬೇಕು.

ಯಾಕೆ ಅಂದರೆ, ನಮ್ಮ ಹೋರಾಟದ ಒಂದು ನಿಜವಾದ ಘೋಷಣೆಯ ನೆರಳಿನಲ್ಲೇ ಈ ಹುಡುಗ ಮರೆಯಾಗುವ ಅಪಾಯವಿದೆ. ‘ನಮ್ಮ ಮಕ್ಕಳು ದಡ್ಡರಲ್ಲ, ವ್ಯವಸ್ಥೆ ಅವರನ್ನು ದಡ್ಡರನ್ನಾಗಿಸಿದೆ’ ಎನ್ನುತ್ತೇವೆ. ನೂರಕ್ಕೆ ನೂರು ನಿಜ. ಆದರೆ ಹಸಿವು ತೀರಿಸಿ, ಹಾಸ್ಟೆಲ್ಲು ಕೊಟ್ಟು, ಸ್ಕಾಲರ್‌ಶಿಪ್ಪು ಕೊಟ್ಟು, ಜಾತಿಯ ಮಾತಾಡದ ಮೇಷ್ಟ್ರನ್ನೂ ಕೊಟ್ಟ ಮೇಲೂ ಓದಲಾಗದ ಒಬ್ಬ ಹುಡುಗ ಉಳಿಯುತ್ತಾನೆ. ಅವನಿಗೆ ಬೇಕಾದ್ದು ಬೇರೆ. ಮೇಲ್ಜಾತಿಯ ಮೇಷ್ಟ್ರು ಅವನ ತೊಂದರೆಯನ್ನು ಜಾತಿಯ ಲೆಕ್ಕಕ್ಕೆ ಬರೆದರೆ, ನಾವು ಬಡತನದ ಲೆಕ್ಕಕ್ಕೆ ಬರೆದು ಮುಂದೆ ಹೋದರೆ, ಅವನ ಲೆಕ್ಕ ಬರೆಯುವವರು ಯಾರು?

ನಮ್ಮ ದೇಶದ ಕಾನೂನೂ ಬಹಳ ಕಾಲ ಬರೆಯಲಿಲ್ಲ. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯ ಹೆಸರಿಸಿತು, ಅದರಲ್ಲಿ ಆಟಿಸಂ ಇಲ್ಲ, ಡಿಸ್ಲೆಕ್ಸಿಯಾ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಬಂತು. 2007ರಲ್ಲಿ ‘ತಾರೇ ಜಮೀನ್ ಪರ್’ ಸಿನಿಮಾ ಬಂದಾಗ ಡಿಸ್ಲೆಕ್ಸಿಯಾ ಎಂಬ ಪದ ಪೇಟೆಯ ಮನೆಗಳಿಗೆ ತಲುಪಿತು. ಅದು ಬೋರ್ಡಿಂಗ್ ಶಾಲೆಗೆ ಕಳಿಸಲು ಶಕ್ತಿಯಿದ್ದ ಮನೆಯ ಹುಡುಗನ ಕಥೆ. ಅವನಿಗೊಬ್ಬ ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ. ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಶಾಲೆಯ ಹುಡುಗ ಏನು ಮಾಡಬೇಕು?

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಪಟ್ಟಿ ಮಾಡಿತು. ಆಟಿಸಂ ಮತ್ತು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎರಡೂ ಅದರಲ್ಲಿವೆ. ಎಡಿಎಚ್‌ಡಿಯ ಹೆಸರು ಇಲ್ಲ. ಇನ್ನೊಂದು ವಿಷಯವನ್ನು ಮೇಷ್ಟ್ರುಗಳು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಕೈ 14 ವರ್ಷಕ್ಕೆ ನಿಂತುಬಿಡುತ್ತದೆ. ಮೀಸೆ ಚಿಗುರುವ ಹೊತ್ತು, ಮೂರು ಭಾಷೆ, ವಿಷಯಕ್ಕೊಬ್ಬ ಮೇಷ್ಟ್ರು, ತಲೆಯ ಮೇಲೆ ಎಸ್ಸೆಸ್ಸೆಲ್ಸಿ. ಸರಿಯಾಗಿ ಆ ಹೊತ್ತಿಗೆ. ಸಣ್ಣವನಿದ್ದಾಗ ಪಕ್ಕದವನದನ್ನು ನೋಡಿ ಬರೆದು ಹೇಗೋ ದಾಟಿದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಅವಮಾನ ತಡೆಯಲಾರದೆ ಕೀಟಲೆ ಶುರುಮಾಡುತ್ತಾನೆ. ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಪೋಲಿ ಅನ್ನಿಸಿಕೊಳ್ಳುವುದರಲ್ಲಿ ಒಂದು ಮರ್ಯಾದೆ ಇದೆ ಅಂತ ಅವನಿಗೆ ಗೊತ್ತು. ಹುಡುಗಿಯಾದರೆ ಸದ್ದೇ ಮಾಡದೆ ಮೂಲೆ ಹಿಡಿಯುತ್ತಾಳೆ, ಒಂದು ದಿನ ಸದ್ದಿಲ್ಲದೆ ಶಾಲೆ ಬಿಡುತ್ತಾಳೆ. ‘ತಲೆಗೆ ಹತ್ತಲಿಲ್ಲ, ಮದುವೆ ಮಾಡಿದ್ವಿ’ ಅನ್ನುತ್ತಾರೆ ಮನೆಯವರು. 2016ರ ಕಾಯಿದೆ ಮಾತ್ರ ನೂರಕ್ಕೆ 40ಕ್ಕೆ ಕಮ್ಮಿಯಿಲ್ಲದ ನ್ಯೂನತೆಯಿದೆ ಎಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹದಿಹರೆಯದ ನಮ್ಮ ಹುಡುಗರಿಗೆ ಹಿಡಿಯಲು ಉಳಿದಿರುವ ಕೊಂಬೆ ಇದು.

ಆ ಕೊಂಬೆ ಎಷ್ಟು ಎತ್ತರದಲ್ಲಿದೆ ನೋಡಿ. ಪ್ರಮಾಣಪತ್ರ ಬೇಕು. ಅದಕ್ಕೆ ಜಿಲ್ಲಾಸ್ಪತ್ರೆಗೋ ಬೆಂಗಳೂರಿಗೋ ಹೋಗಬೇಕು. ಒಂದು ದಿನದಲ್ಲಿ ಮುಗಿಯುವುದಿಲ್ಲ. ಕೂಲಿಯವಳಿಗೆ ಒಂದು ದಿನ ಅಂದರೆ ಒಂದು ದಿನದ ಅನ್ನ. ಪೇಟೆಯ ಖಾಸಗಿ ಶಾಲೆಯ ಹುಡುಗನಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಅವನ ತಂದೆಗೆ ದಾರಿ ಗೊತ್ತು. ಅದು ತಪ್ಪಲ್ಲ, ಆ ಹುಡುಗನ ಹಕ್ಕು. ಅದೇ ಹಕ್ಕು ಹಟ್ಟಿಯ ಹುಡುಗನಿಗೆ ತಲುಪದಿರುವುದೇ ಅನ್ಯಾಯ.

ಹಾಗಾದರೆ ಕೇಳಬೇಕಾದ್ದೇನು? ಕಾಯಿದೆಯ 16ನೇ ಕಲಂ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಮಾಡಬೇಕು ಎನ್ನುತ್ತದೆ. 17ನೇ ಕಲಂ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ ಇಂಥವರನ್ನು ಪತ್ತೆ ಮಾಡಬೇಕು ಎನ್ನುತ್ತದೆ, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿಗೆ ದಾರಿ ಮಾಡುತ್ತದೆ. ನಮ್ಮ ತಾಲ್ಲೂಕಿನಲ್ಲಿ ಆ ಸಮೀಕ್ಷೆ ಯಾವಾಗ ಆಯಿತು? ಎಷ್ಟು ಮಕ್ಕಳು ಸಿಕ್ಕಿದರು? ಎಷ್ಟು ಜನರಿಗೆ ಪರೀಕ್ಷೆಯಲ್ಲಿ ಸಮಯ ಕೊಟ್ಟಿರಿ? ವಿಶೇಷ ಶಿಕ್ಷಕರೆಷ್ಟು? ಈ ನಾಲ್ಕು ಪ್ರಶ್ನೆಗಳನ್ನು ಬಿಇಒ ಕಚೇರಿಗೆ ಬರೆದು ಕೊಡಲು ಸಂಘಟನೆಯ ಒಂದು ಲೆಟರ್‌ಹೆಡ್ ಸಾಕು. ಪ್ರಮಾಣಪತ್ರದ ಶಿಬಿರ ತಾಲ್ಲೂಕಿಗೇ ಬರಲಿ, ಬಂದವರಿಗೆ ಆ ದಿನದ ಕೂಲಿ ಕೊಡಲಿ ಎಂದು ಕೇಳಬೇಕು. ಹಾಸ್ಟೆಲ್, ಸ್ಕಾಲರ್‌ಶಿಪ್ಪುಗಳ ಬೇಡಿಕೆಯ ಪಟ್ಟಿಯಲ್ಲೇ ಇದೂ ಇರಬೇಕು.

ಮೇಷ್ಟ್ರಾದ ಗೆಳೆಯರಿಗೆ ಎರಡು ಮಾತು. ಸರ್ಕಾರ ಬರುವವರೆಗೆ ಕಾಯಬೇಕಾಗಿಲ್ಲ. ಓದಲು ತಡವರಿಸುವವನನ್ನು ಎಲ್ಲರೆದುರು ನಿಲ್ಲಿಸಿ ಓದಿಸಬೇಡಿ, ಅವನ ಉತ್ತರವನ್ನು ಬಾಯಲ್ಲಿ ಕೇಳಿ ಗುರುತು ಹಾಕಿಕೊಳ್ಳಿ. ಬೋರ್ಡಿನ ನೋಟ್ಸನ್ನು ಅವನ ಗೆಳೆಯನ ಕೈಯಲ್ಲಿ ಇನ್ನೊಂದು ಪ್ರತಿ ಮಾಡಿಸಿ. ಕೂರಲಾಗದವನಿಗೆ ಸೀಮೆಸುಣ್ಣ ತರುವ, ಗಿಡಕ್ಕೆ ನೀರು ಹಾಕುವ ಕೆಲಸ ಕೊಟ್ಟು ಎದ್ದಾಡಲು ಬಿಡಿ. ಆದರೆ ನೆನಪಿಡಿ, ಕಸ ಗುಡಿಸುವ ಕೆಲಸ ಕೊಡಬೇಡಿ, ಅದು ಯಾರ ಪಾಲಿಗೆ ಬರುತ್ತೆ ಅಂತ ನಮಗೆ ಗೊತ್ತು. ಗದ್ದಲ ತಡೆಯದವಳಿಗೆ ಹೊರಗೆ ಹೋಗಿ ಕೂರಲು ಒಂದು ಜಾಗ ತೋರಿಸಿ. ಕೆಲಸವನ್ನು ಒಂದೇ ಸಲ ಹತ್ತು ಹೇಳದೆ ಒಂದೊಂದಾಗಿ ಹೇಳಿ. ನಾಳೆ ಏನಾದರೂ ಬದಲಾಗುವುದಿದ್ದರೆ ಇವತ್ತೇ ತಿಳಿಸಿ. ಬೆತ್ತವನ್ನು ಕಾನೂನು 2009ರಲ್ಲೇ ಕಿತ್ತುಕೊಂಡಿದೆ, ಬೆತ್ತದಂಥ ನಾಲಗೆಯನ್ನೂ ಅದೇ ಕಲಂ ನಿಷೇಧಿಸಿದೆ.

ಲಂಡನ್ನಿನ ಪಾಠವನ್ನೂ ಮರೆಯಬಾರದು. ಹೆಸರು ಸಿಕ್ಕಿತು ಎಂದು ಆ ಮಕ್ಕಳನ್ನೆಲ್ಲ ಒಂದು ಕೋಣೆಗೆ ತಳ್ಳಿ ಬಾಗಿಲು ಹಾಕಿದರೆ ಶಾಲೆಯೊಳಗೇ ಇನ್ನೊಂದು ಹೊಲಗೇರಿ ಕಟ್ಟಿದ ಹಾಗೆ. ಹೆಸರು ಬೇಕಾಗಿರುವುದು ಸಹಾಯ ತರಿಸಲು. ಸಹಾಯ ತಾರದ ಹೆಸರು ಬೈಗುಳವೇ. ಯಾರಾದರೂ ನಿಮ್ಮ ಮಗುವಿಗೆ ಒಂದು ಹೆಸರು ಕೊಟ್ಟರೆ ತಕ್ಷಣ ಕೇಳಿ: ನಾಳೆಯಿಂದ ಇವನಿಗೆ ಏನು ಹೆಚ್ಚು ಸಿಗುತ್ತದೆ?

ಒಬ್ಬ ಹುಡುಗನಿಗಾಗಿ ಇಡೀ ಶಾಲೆಯೇ ಬದಲಾಗಬೇಕೇ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು ಎಂದು ಗಟ್ಟಿಯಾಗಿ ಹೇಳಿ. ಧಾರವಾಡದಲ್ಲಿ ಅರ್ಜಿ ಬರೆದವನೂ ಒಬ್ಬನೇ ಇದ್ದ.